ವ್ಯಸನವೆಂಬ ದುಃಖ, ಸೇವೆಯೆಂಬ ಔಷಧ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ನಮ್ಮ ಪ್ರೌಢಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಹಳಗನ್ನಡ ಕಾವ್ಯವನ್ನು ಕುರಿತೋ ವಚನ ಸಾಹಿತ್ಯದ ಶಬ್ದಸಂಪತ್ತನ್ನು ಕುರಿತೋ ನಾಲ್ಕು ಮಾತು ಬರೆಯಬೇಕೆಂದು ಮೊದಲು ಎಣಿಸಿದ್ದೆನು. ಕನ್ನಡ ಪಂಡಿತನಾದವನಿಂದ ಓದುಗರು ನಿರೀಕ್ಷಿಸುವುದೂ ಅದನ್ನೇ. ಆದರೆ ಬರೆಯಲು ಕುಳಿತಾಗ ಲೇಖನಿಯು ಆ ಕಡೆಗೆ ಸಾಗಲಿಲ್ಲ. 2023ರಲ್ಲಿ, ತನ್ನ 34ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ಹಳೆಯ ವಿದ್ಯಾರ್ಥಿಯೊಬ್ಬನ ಮುಖವು ಕಣ್ಣಮುಂದೆ ಬಂದು ನಿಂತಿತು. ಅವನ ಋಣವನ್ನು ತೀರಿಸದೆ ಬೇರೆ ಏನನ್ನು ಬರೆದರೂ ಅದು ನನ್ನ ಮನಸ್ಸಿಗೆ ಒಪ್ಪುವಂತಿರಲಿಲ್ಲ.

ಇಂತಹ ಸಂಚಿಕೆಗಳಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರ, ಅಧಿಕಾರ ಪದವಿಗಳನ್ನೇರಿದವರ, ಉದಾರ ದಾನಿಗಳ ಪರಿಚಯವು ಬರುವುದು ಯೋಗ್ಯವೇ ಆಗಿದೆ. ಆತನು ಈ ಮೂರು ಪಂಕ್ತಿಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ಹತ್ತನೆಯ ತರಗತಿಯಲ್ಲಿ ದ್ವಿತೀಯ ದರ್ಜೆ, ಅನಂತರ ಐ.ಟಿ.ಐ. ತರಬೇತಿ, ಬಳಿಕ ಸಂತೆಯ ಬೀದಿಯಲ್ಲಿ ಒಂದು ಮೋಟಾರು ವೈಂಡಿಂಗ್ ಅಂಗಡಿ. 18ನೆಯ ವಯಸ್ಸಿನಿಂದ 29ನೆಯ ವಯಸ್ಸಿನವರೆಗೆ ಕುಡಿತದ ದಾಸ. ಬದುಕಿನ ಕಡೆಯ ಐದು ವರ್ಷ, ಕುಡಿತದಿಂದ ಬಿಡುಗಡೆ ಹೊಂದಲು ಹೆಣಗುತ್ತಿದ್ದವರ ಸೇವಕ. ಅವನ ಚರಿತ್ರೆ ಇಷ್ಟೇ. ಆ ಐದು ವರ್ಷಗಳಲ್ಲಿ ಶಿಷ್ಯನಿಂದ ಗುರುವು ಕಲಿತ ಪಾಠವನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿ ಮಹನೀಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ. ಅವನ ಹೆಸರನ್ನು ನಾನು ಬರೆದಿಲ್ಲ. ಅದಕ್ಕೆ ಕಾರಣವು ಮುಂದೆ ತಿಳಿದುಬರುತ್ತದೆ.

ಶಬ್ದದ ವಿಚಾರ

ಪಂಡಿತನ ಅಭ್ಯಾಸಬಲದಿಂದ ಮೊದಲು ಶಬ್ದವನ್ನೇ ವಿಚಾರಿಸೋಣ. 'ವ್ಯಸನ' ಎಂಬುದು ಸಂಸ್ಕೃತ ಶಬ್ದ. 'ವಿ' ಎಂಬ ಉಪಸರ್ಗದೊಡನೆ, ಎಸೆಯುವುದು ಎಂಬ ಅರ್ಥವುಳ್ಳ 'ಅಸ್' ಧಾತುವು ಸೇರಿ ಇದು ಸಿದ್ಧವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟನೆಯ ಅಧಿಕರಣವು ವ್ಯಸನಗಳ ವಿಚಾರಕ್ಕೇ ಮೀಸಲಾಗಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವಂಥದು ವ್ಯಸನವೆಂದು ಅಲ್ಲಿ ನಿರ್ವಚನವಿದೆ. ಎಸೆಯಲ್ಪಟ್ಟವನು ತಾನಾಗಿಯೇ ಹಾರಿದವನಲ್ಲ ಎಂಬ ಸೂಕ್ಷ್ಮವು ಈ ವ್ಯುತ್ಪತ್ತಿಯಲ್ಲಿಯೇ ಅಡಗಿದೆ.

ಕನ್ನಡದಲ್ಲಿ ಈ ಶಬ್ದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸಾವಿನ ಮನೆಗೆ ಹೋದವರು 'ವ್ಯಸನಪಡಬೇಡಿರಿ' ಎಂದು ಸಮಾಧಾನ ಹೇಳುತ್ತಾರೆ. ಕುಡುಕನನ್ನು ಕಂಡವರು 'ವ್ಯಸನಿ' ಎನ್ನುತ್ತಾರೆ. ದುಃಖಕ್ಕೂ ದುರಭ್ಯಾಸಕ್ಕೂ ನಮ್ಮ ಜನರು ಒಂದೇ ಶಬ್ದವನ್ನು ಬಳಸುತ್ತಾ ಬಂದಿದ್ದಾರೆ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಈ ಎರಡೂ ಅರ್ಥಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬೋಧಿಸಿದ ನನಗೆ, ಅವೆರಡೂ ಒಂದೇ ಎಂಬುದು ಹೊಳೆದಿರಲಿಲ್ಲ. ನನಗೆ ಪ್ರಿಯವಾಗಿದ್ದುದು ಆಡುಮಾತಿನ ಇನ್ನೊಂದು ಶಬ್ದವಾದ 'ಚಟ'. 'ಚಟವೇ ಚಟ್ಟಕ್ಕೆ ದಾರಿ' ಎಂಬ ಮಾತನ್ನು ಅನುಪ್ರಾಸದ ಸೊಗಸಿಗಾಗಿ ಪ್ರತಿ ವರ್ಷವೂ ಒಂಬತ್ತನೆಯ ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆನು. ಆ ಹುಡುಗನೂ ಒಂದು ವರ್ಷ ಅಲ್ಲಿ ಕುಳಿತು ನಕ್ಕಿದ್ದನು.

ಮುಖ ತಿರುಗಿಸಿದ ದಿನ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವು ನಿಷಿದ್ಧವಾಯಿತು. ಪಾಕೀಟು ಸಾರಾಯಿ ಕಣ್ಮರೆಯಾದ ಆ ವರ್ಷವೇ ನಮ್ಮ ಹುಡುಗನು ಕುಡಿಯಲು ಕಲಿತನು. ಸಾರಾಯಿ ಹೋದ ಸ್ಥಳಕ್ಕೆ ಅಗ್ಗದ ವಿಸ್ಕಿ ಬಂದಿತ್ತು. ತರಬೇತಿಯ ಕಡೆಯ ದಿನ ಗೆಳೆಯರೊಡನೆ ಒಂದು ಗುಟುಕು. ಮೊದಲ ಸಂಬಳದ ದಿನ ಮತ್ತೊಂದು. ತಂದೆಯು ತೀರಿಕೊಂಡ ವರ್ಷ ದಿನಾಲೂ ಸಂಜೆ. ಆಮೇಲೆ ಬೆಳಗಿನ ಕೈನಡುಕ ನಿಲ್ಲಿಸುವುದಕ್ಕಾಗಿ ನಸುಕಿನಲ್ಲಿಯೇ. ಇದು ಅವನೊಬ್ಬನ ಕಥೆಯಲ್ಲ. ಹೆಚ್ಚು ಕಡಿಮೆ ಎಲ್ಲ ವ್ಯಸನಿಗಳ ಮೆಟ್ಟಿಲುಗಳೂ ಇವೇ.

2016ರ ನಮ್ಮ ಜಾತ್ರೆಯಲ್ಲಿ ತೇರು ನೆಲೆ ನಿಂತ ಮೇಲೆ ಮನೆಗೆ ಮರಳುತ್ತಿದ್ದೆನು. ಬೆಂಡು-ಬತ್ತಾಸಿನ ಅಂಗಡಿಯ ಮಗ್ಗುಲಿಗೆ ಆತನು ಗೋಡೆಗೆ ಒರಗಿ ನಿಂತಿದ್ದನು. ಅಂಗಿಯು ಮಣ್ಣಾಗಿತ್ತು. ನನ್ನನ್ನು ಗುರುತಿಸಿ, ತೂಗಾಡುತ್ತಲೇ ಎರಡು ಕೈಗಳನ್ನೂ ಜೋಡಿಸಿದನು. ನನ್ನೊಡನೆ ಊರಿನ ಹಿರಿಯರು ಕೆಲವರಿದ್ದರು. ನಾನು ಮುಖವನ್ನು ತಿರುಗಿಸಿ ಮುಂದೆ ನಡೆದೆನು. ಪ್ರತಿನಮಸ್ಕಾರವನ್ನೂ ಮಾಡಲಿಲ್ಲ. ಈ ಸಂಗತಿಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಲೇಬೇಕು, ಏಕೆಂದರೆ ವ್ಯಸನಿಯನ್ನು ಕಂಡಾಗ ನಾವು ಗೌರವಸ್ಥರೆನಿಸಿಕೊಂಡವರು ಮಾಡುವುದು ಬಹುಮಟ್ಟಿಗೆ ಇದನ್ನೇ.

2018ರ ಕಡೆಯಲ್ಲಿ ಒಂದು ಸಂಜೆ ಆತನು ನಮ್ಮ ಮನೆಯ ಬಾಗಿಲಿಗೆ ಬಂದನು. ಬಟ್ಟೆಯು ಶುಭ್ರವಾಗಿತ್ತು, ಕಣ್ಣು ತಿಳಿಯಾಗಿತ್ತು. ಒಳಗೆ ಬಾ ಎಂದರೂ ಹೊಸ್ತಿಲಲ್ಲಿಯೇ ನಿಂತು, "ಗುರುಗಳ, ನಾ ಕುಡ್ಯಾಂವ ಅದೀನಿ. ಇವತ್ತ ಕುಡಿದಿಲ್ಲ," ಎಂದನು. ಈ ಎರಡು ವಾಕ್ಯಗಳ ವ್ಯಾಕರಣವೇ ನನಗೆ ವಿಚಿತ್ರವೆನಿಸಿತು. ಕುಡಿಯದೆ ಇರುವವನು 'ಕುಡಿಯುವವನಾಗಿದ್ದೆ' ಎಂದು ಭೂತಕಾಲವನ್ನು ಬಳಸಬೇಕಲ್ಲವೇ? ಅವನು ವರ್ತಮಾನವನ್ನೇ ಬಳಸಿದ್ದನು. ಅದರ ಮರ್ಮವು ಅನಂತರ ತಿಳಿಯಿತು.

ಮಾತಿನ ನಡುವೆ ನಾನು ಹಳೆಯ ಗಾದೆಯನ್ನು ನೆನಪಿಸಿದೆನು. ಆತನು ಮೆಲ್ಲನೆ ಹೇಳಿದನು: "ಆ ಮಾತು ನನಗ ಮರ್ತಿರಲಿಲ್ಲ ಗುರುಗಳ. ಕುಡಿಯೋ ಮುಂದ ದಿನಾ ನೆನಪಾಗತಿತ್ತು. ಅದರಿಂದ ಹೆದರಿಕಿ ಹುಟ್ಟಲಿಲ್ಲ. ಹೆಂಗೂ ಚಟ್ಟಕ್ಕ ಹೋಗೋದ ಐತಿ, ಬಿಟ್ಟರೇನು ಬಿಡದಿದ್ದರೇನು ಅನಸ್ತಿತ್ತು." ಅಂದಿನಿಂದ ನಾನು ಆ ಗಾದೆಯನ್ನು ತರಗತಿಯಲ್ಲಿ ಹೇಳಿಲ್ಲ.

ರೋಗವೆಂಬ ಮಾತಿನ ಅರ್ಥ

ಕುಡಿತವು ಕೇವಲ ದುರ್ನಡತೆಯೆಂದು ಬಹುಕಾಲ ಭಾವಿಸಲಾಗಿತ್ತು. ವೈದ್ಯಶಾಸ್ತ್ರವು ಇಂದು ಮದ್ಯದ ಅವಲಂಬನೆಯನ್ನು ರೋಗಗಳ ಸಾಲಿನಲ್ಲಿ ಇಟ್ಟಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವೂ ಮದ್ಯ ಹಾಗೂ ಮಾದಕ ದ್ರವ್ಯಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಇದು ಕುಡುಕನಿಗೆ ಕೊಟ್ಟ ವಿನಾಯಿತಿಯೆಂದು ಕೆಲವರು ಅಸಮಾಧಾನಪಡುವುದುಂಟು. ದೇಹದೊಳಗೆ ನಡೆಯುವ ವ್ಯಾಪಾರವನ್ನು ಅರಿತರೆ ಆ ಅಸಮಾಧಾನವು ಉಳಿಯುವುದಿಲ್ಲ.

ನಮ್ಮ ಮೆದುಳಿನಲ್ಲಿ ನರಗಳನ್ನು ಉದ್ರೇಕಿಸುವ ರಾಸಾಯನಿಕಗಳೂ ಶಾಂತಗೊಳಿಸುವ ರಾಸಾಯನಿಕಗಳೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೋಲದಲ್ಲಿರುತ್ತವೆ. ಮದ್ಯವು ಶಾಂತಗೊಳಿಸುವ ಕಡೆಗೆ ಭಾರವನ್ನು ಹೇರುತ್ತದೆ. ವರ್ಷಗಟ್ಟಲೆ ಹೀಗಾದಾಗ ಮೆದುಳು ತನ್ನನ್ನು ಕಾಪಾಡಿಕೊಳ್ಳಲು ಉದ್ರೇಕದ ತಟ್ಟೆಯಲ್ಲಿ ತಾನೂ ಭಾರವನ್ನು ಇಡುತ್ತಾ ಹೋಗುತ್ತದೆ. ಆಗ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ ಉದ್ರೇಕದ ತಟ್ಟೆಯು ತಟಕ್ಕನೆ ಕುಸಿಯುತ್ತದೆ. ಕೊನೆಯ ಕುಡಿತದ ಆರರಿಂದ 24 ಗಂಟೆಗಳೊಳಗೆ ನಡುಕ, ಬೆವರು, ನಿದ್ರಾನಾಶ. 48 ಗಂಟೆಗಳೊಳಗೆ ಕೆಲವರಿಗೆ ಮೂರ್ಛೆ ಅಥವಾ ಫಿಟ್ಸು. ಎರಡು-ಮೂರು ದಿನಗಳ ತರುವಾಯ ಕೆಲವರಿಗೆ ಇಲ್ಲದ್ದು ಕಾಣುವ, ಇಲ್ಲದ್ದು ಕೇಳುವ ಸನ್ನಿ. ಈ ಸನ್ನಿಗೆ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವುಂಟು.

ಆದಕಾರಣ, ಬಹುಕಾಲ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ 'ಬಿಡಿಸುವ' ಸಾಹಸವನ್ನು ಮನೆಯವರು ಮಾಡಲಾಗದು. ಮೊದಲು ವೈದ್ಯರ ಬಳಿಗೆ ಒಯ್ಯಬೇಕು. ಅವರು ನರಗಳ ಉದ್ರೇಕವನ್ನು ಕ್ರಮಕ್ರಮವಾಗಿ ಇಳಿಸುವ ಔಷಧವನ್ನೂ ನರಗಳನ್ನು ಕಾಪಾಡುವ ಬಿ-1 ಜೀವಸತ್ವವನ್ನೂ ಕೊಡುತ್ತಾರೆ. ನಮ್ಮ ಹುಡುಗನು ಹೊಸಬರಿಗೆ ಮೊದಲು ಹೇಳುತ್ತಿದ್ದ ಮಾತೂ ಇದೇ ಆಗಿತ್ತು. "ಮೊದಲ ದವಾಖಾನಿ, ಆಮ್ಯಾಲ ನಮ್ಮ ಮಾತು."

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಡೈಸಲ್ಫಿರಾಮ್ ಎಂಬ ಔಷಧವುಂಟು. ಅದನ್ನು ಸೇವಿಸಿದವನು ಮದ್ಯವನ್ನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಏರುತ್ತದೆ. ಈ ಗುಣವನ್ನು 1940ರ ದಶಕದ ಕಡೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಗುರುತಿಸಿದರು. ರೋಗಿಯು ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಇದರಿಂದ ಉಪಕಾರವಿದೆ. ಆದರೆ ಗಂಡನಿಗೆ, ಮಗನಿಗೆ ಗೊತ್ತಾಗದಂತೆ ಸಾರಿನಲ್ಲಿಯೋ ಚಹದಲ್ಲಿಯೋ ಪುಡಿಯನ್ನು ಬೆರೆಸಿ ಹಾಕುವ ರೂಢಿ ಅಲ್ಲಲ್ಲಿ ಇದೆ. ಅರಿಯದೆ ಆತನು ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರೀತಿಯಿಂದ ಮಾಡಿದ ಮೋಸವೂ ಮೋಸವೇ.

ದೇಹದ ವಿಷವು ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಮೆದುಳಿನ ನೆನಪು ಅಷ್ಟು ಬೇಗ ಇಳಿಯುವುದಿಲ್ಲ. ಹಳೆಯ ಗೆಳೆಯನ ಧ್ವನಿ, ಅಂಗಡಿಯ ಮುಂದಿನ ವಾಸನೆ, ಸಂಬಳದ ಸಂಜೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು; ಆಸೆಯು ಹೆಡೆ ಎತ್ತುತ್ತದೆ. ವರ್ಷಗಳ ತರುವಾಯ ಕುಡಿದ ಒಂದೇ ಗುಟುಕು ಹಳೆಯ ಸ್ಥಿತಿಗೆ ಒಯ್ಯಬಲ್ಲುದು. 'ಕುಡ್ಯಾಂವ ಅದೀನಿ' ಎಂಬ ವರ್ತಮಾನಕಾಲದ ಮರ್ಮವು ಇದೇ. ತನ್ನ ವೃತ್ತಿಯ ಭಾಷೆಯಲ್ಲಿ ಆತನು ಇದನ್ನು ವಿವರಿಸುತ್ತಿದ್ದನು: ಸುಟ್ಟ ಮೋಟಾರಿನ ತಂತಿಯನ್ನೆಲ್ಲ ಬಿಚ್ಚಿ ತೆಗೆಯುವುದು ಅರ್ಧ ದಿನದ ಕೆಲಸ, ಹೊಸ ತಂತಿಯನ್ನು ಒಂದೊಂದು ಸುತ್ತು ಎಣಿಸಿ ಸುತ್ತುವುದೇ ನಿಜವಾದ ಕೆಲಸ, ಎಣಿಕೆಯಲ್ಲಿ ಅವಸರಪಟ್ಟರೆ ಅದು ಮತ್ತೆ ಸುಡುತ್ತದೆ.

ಒಬ್ಬನಿಗೆ ಇನ್ನೊಬ್ಬ

ಸುತ್ತು ಎಣಿಸುವ ಆ ದೀರ್ಘಕಾಲದಲ್ಲಿ ಅವನ ಕೈ ಹಿಡಿದುದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ. 'ಹೆಸರು ಹೇಳದ ಕುಡುಕರ ಬಳಗ' ಎಂದು ಇದನ್ನು ಕನ್ನಡಿಸಬಹುದು. ಇದರ ಹುಟ್ಟಿನ ಕಥೆಯು ತಿಳಿಯತಕ್ಕುದಾಗಿದೆ.

ನ್ಯೂಯಾರ್ಕಿನ ಶೇರುಪೇಟೆಯ ವ್ಯವಹಾರಗಾರನಾದ ಬಿಲ್ ವಿಲ್ಸನ್ ಎಂಬಾತನು 1934ರ ಡಿಸೆಂಬರಿನಲ್ಲಿ ಆಸ್ಪತ್ರೆಯನ್ನು ಸೇರಿ ಕುಡಿತವನ್ನು ಬಿಟ್ಟನು. ಮುಂದಿನ ತಿಂಗಳುಗಳಲ್ಲಿ ಎಷ್ಟೋ ಮಂದಿ ಕುಡುಕರನ್ನು ತಿದ್ದಲು ಯತ್ನಿಸಿದನು; ಒಬ್ಬನೂ ತಿದ್ದಿಕೊಳ್ಳಲಿಲ್ಲ. ಮನನೊಂದಾಗ ಅವನ ಪತ್ನಿ ಲೋಯಿಸ್ ಒಂದು ಸಂಗತಿಯನ್ನು ತೋರಿಸಿಕೊಟ್ಟಳು: ಅವರು ಬಿಡದಿದ್ದರೂ, ಅವರಿಗಾಗಿ ಓಡಾಡಿದ ಅವನು ಕುಡಿದಿರಲಿಲ್ಲ. 1935ರ ಮೇ ತಿಂಗಳಲ್ಲಿ ಓಹಾಯೋ ರಾಜ್ಯದ ಆಕ್ರನ್ ನಗರಕ್ಕೆ ಹೋದಾಗ ಅವನ ವ್ಯವಹಾರವು ಮುರಿದುಬಿತ್ತು. ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದಾಗ ಒಂದು ಕಡೆ ಪಾನಗೃಹದ ಗದ್ದಲ, ಇನ್ನೊಂದು ಕಡೆ ದೂರವಾಣಿ. ತಾನು ಉಳಿಯಬೇಕಾದರೆ ಮತ್ತೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ಹೊಳೆಯಿತು. ಚರ್ಚುಗಳ ಪಟ್ಟಿಯನ್ನು ನೋಡಿ ದೂರವಾಣಿ ಮಾಡಿದನು. ಹೀಗೆ ದೊರೆತವನು ಅದೇ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಕೂಡುವೆನೆಂದು ಬಂದ ವೈದ್ಯನು ರಾತ್ರಿಯವರೆಗೂ ಏಳಲಿಲ್ಲ. ಏಕೆಂದರೆ ಎದುರಿಗೆ ಕುಳಿತವನು ಉಪದೇಶವನ್ನು ಮಾಡದೆ ತನ್ನ ಕಥೆಯನ್ನು ಹೇಳುತ್ತಿದ್ದನು. ಮಧ್ಯೆ ಒಮ್ಮೆ ಜಾರಿದರೂ, 1935ರ ಜೂನ್ 10 ಆ ವೈದ್ಯನ ಕಡೆಯ ಕುಡಿತದ ದಿನವಾಯಿತು. ಅದನ್ನೇ ಸಂಘದ ಜನ್ಮದಿನವೆಂದು ಗಣಿಸುತ್ತಾರೆ. 1957ರಲ್ಲಿ ಈ ಬಳಗವು ಭಾರತಕ್ಕೆ ಬಂದಿತು. ವ್ಯಸನಿಗಳ ಮನೆಯವರಿಗಾಗಿ ಅಲ್-ಅನಾನ್ ಎಂಬ ಬಳಗವು 1951ರಲ್ಲಿ ಪ್ರತ್ಯೇಕವಾಗಿ ಏರ್ಪಟ್ಟಿತು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ನಾವು ಪರೋಪಕಾರವನ್ನು ಉಳ್ಳವನು ಇಲ್ಲದವನಿಗೆ ಮಾಡುವ ಧರ್ಮವೆಂದು ತಿಳಿಯುತ್ತೇವೆ. ಈ ಬಳಗದಲ್ಲಿ ಹಾಗಿಲ್ಲ. ನೀಡುವವನಿಗೂ ಪಡೆಯುವವನಿಗೂ ಕೊರತೆಯು ಒಂದೇ. ನೆರವಾಗುವುದೇ ನೆರವಾದವನ ಚಿಕಿತ್ಸೆ. ಬಾವಿಗೆ ಬಿದ್ದವನು ಮೇಲೆ ಬಂದ ತರುವಾಯ ಬಾವಿಯ ದಂಡೆಯಲ್ಲಿಯೇ ಕುಳಿತು ಉಳಿದವರಿಗೆ ಹಗ್ಗವನ್ನು ಬಿಡುತ್ತಾನೆ. ಆ ಹಗ್ಗವನ್ನು ಹಿಡಿದಿರುವುದರಿಂದಲೇ ತಾನೂ ಮರಳಿ ಬೀಳುವುದಿಲ್ಲ. ಇದು ಬರಿಯ ಭಾವನೆಯಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯು 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ವಿವರವನ್ನೂ ಪರಾಮರ್ಶಿಸಿ, ಮದ್ಯದಿಂದ ಪೂರ್ಣವಾಗಿ ದೂರ ಉಳಿಯುವ ವಿಷಯದಲ್ಲಿ, ಈ ಬಳಗದೊಡನೆ ರೋಗಿಯನ್ನು ಕ್ರಮವಾಗಿ ಜೋಡಿಸುವ ವಿಧಾನವು ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮಿಗಿಲಾದ ಫಲವನ್ನು ಕೊಡುತ್ತದೆಂದು ಪ್ರಕಟಿಸಿತು.

ಈ ಬಳಗದ ಸದಸ್ಯರು ಪತ್ರಿಕೆ-ಪುಸ್ತಕಗಳಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳುವುದಿಲ್ಲ. ಬಂದವನ ಗುಟ್ಟು ಹೊರಬೀಳದಿರಲೆಂಬುದು ಒಂದು ಕಾರಣ. ಬಿಟ್ಟವನಿಗೆ ಕೀರ್ತಿಯ ಅಮಲು ಏರದಿರಲೆಂಬುದು ಇನ್ನೊಂದು. ಆ ಪರಂಪರೆಗೆ ತಲೆಬಾಗಿ ನಾನೂ ನನ್ನ ಶಿಷ್ಯನ ಹೆಸರನ್ನು ಬರೆದಿಲ್ಲ.

ಜೋಳಿಗೆಯ ಪರಂಪರೆ

ವ್ಯಸನಿಯ ಬಳಿಗೆ ನಾವೇ ನಡೆದುಹೋಗುವ ಸಂಪ್ರದಾಯವು ನಮ್ಮ ನಾಡಿಗೆ ಹೊರಗಿನಿಂದ ಬಂದುದಲ್ಲ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡವನ್ನು ಮಾರುವುದು ಅವನ ಕಸುಬು. ಹೆಂಡಕ್ಕಾಗಿ ಬಂದವರಿಗೆ ಅದರ ಕೇಡನ್ನು ತಿಳಿಹೇಳಿ ತಿದ್ದುತ್ತಿದ್ದನೆಂದು ಪರಂಪರೆಯು ಹೇಳುತ್ತದೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ಕೆಲವು ವಚನಗಳು ಉಳಿದಿವೆ. ಆ ಕಸುಬಿನವನೆಂದು ಶರಣರು ಅವನನ್ನು ದೂರ ಇಡಲಿಲ್ಲ. ಅವನೂ ಕುಡಿಯುವವರನ್ನು ದೂರ ಇಡಲಿಲ್ಲ.

ನಮ್ಮ ಕಾಲಕ್ಕೆ ಬಂದರೆ, ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳವರ ಸ್ಮರಣೆಯು ಅವಶ್ಯವಾಗಿ ಬರುತ್ತದೆ. ಜಂಗಮರ ಜೋಳಿಗೆಯು ಕಾಳು-ಕಡಿ, ಹಿಟ್ಟು, ಕಾಣಿಕೆಗಳನ್ನು ಬೇಡುವುದಕ್ಕಾಗಿ ಇರುವಂಥದು. 1975ರಲ್ಲಿ ಶಿವಯೋಗಿಗಳವರು ಅದೇ ಜೋಳಿಗೆಯನ್ನು ಹೆಗಲಿಗೇರಿಸಿ, ಮನೆಮನೆಗೂ ಕೇರಿಕೇರಿಗೂ ನಡೆದು, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. 'ಮಹಾಂತ ಜೋಳಿಗೆ' ಎಂದು ಅದು ಪ್ರಸಿದ್ಧವಾಯಿತು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ. ಜೋಳಿಗೆಯ ಸೂಕ್ಷ್ಮವನ್ನು ಬಲ್ಲವರು ಬಲ್ಲರು. ಮಠಾಧಿಪತಿಯೇ ಬೇಡುವವನಾಗಿ ಹೊಸ್ತಿಲಲ್ಲಿ ನಿಂತಾಗ, ಒಳಗಿನ ಕುಡುಕನು ಕೊಡುವವನಾಗುತ್ತಾನೆ. ಊರೆಲ್ಲ ತಿರಸ್ಕರಿಸಿದವನಿಗೆ, ತನ್ನ ಬಳಿಯಲ್ಲಿಯೂ ಕೊಡತಕ್ಕ ವಸ್ತುವೊಂದಿದೆಯೆಂಬ ಗೌರವವು ಅಂದು ದೊರೆಯುತ್ತದೆ.

ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿದ್ದಾರೆ. ಶಿಬಿರ ಮುಗಿದ ಬಳಿಕ ಅಲ್ಲಿಂದ ಹೊರಬಂದವರದೇ ನವಜೀವನ ಸಮಿತಿಗಳನ್ನು ರಚಿಸಿ, ಅವರು ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುವ ಏರ್ಪಾಡನ್ನು ಮಾಡಿದ್ದಾರೆ. ಆಕ್ರನ್ನಿನ ವೈದ್ಯನ ಮನಸ್ಸು, ಇಳಕಲ್ಲಿನ ಜೋಳಿಗೆ, ಧರ್ಮಸ್ಥಳದ ಸಮಿತಿ, ಇವು ಮೂರು ದಾರಿಗಳಾದರೂ ತಲಪುವ ಸ್ಥಳವು ಒಂದೇ: ವ್ಯಸನಿಯು ಬರಿಯ ದಯೆಗೆ ಪಾತ್ರನಲ್ಲ, ಸೇವೆಗೆ ಅರ್ಹನು, ಮಾಡಿಸಿಕೊಳ್ಳುವುದಕ್ಕೂ ಮಾಡುವುದಕ್ಕೂ.

ಅವನ ಕಾಯಕ

ಆ ಸಂಜೆ ಆತನು ನಮ್ಮ ಮನೆಗೆ ಬಂದುದು ಒಂದು ಬೇಡಿಕೆಯನ್ನು ಹೊತ್ತು. ವಾರಕ್ಕೊಮ್ಮೆ ತನ್ನಂಥವರು ಕೂಡಿ ಮಾತನಾಡಲು ಶಾಲೆಯಲ್ಲಿ ಒಂದು ಕೋಣೆ ಬೇಕಾಗಿತ್ತು. ಮಕ್ಕಳು ಕಲಿಯುವ ಸ್ಥಳಕ್ಕೆ ಕುಡುಕರು ಬರುವುದು ಸರಿಯೇ ಎಂಬ ಶಂಕೆಯು ನಮ್ಮಲ್ಲಿ ಕೆಲವರಿಗೆ ಬಂದಿತು. ನನಗೂ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಪೂಜ್ಯ ಶ್ರೀಗಳವರು ಎಲ್ಲವನ್ನೂ ಕೇಳಿ, ಅವರೂ ಕಲಿಯುವುದಕ್ಕೇ ಬರುತ್ತಾರಲ್ಲ ಎಂದು ಅಪ್ಪಣೆ ಕೊಡಿಸಿದರು. ಒಂಬತ್ತನೆಯ 'ಬ' ವರ್ಗದ ಕೋಣೆಯು ರವಿವಾರ ಸಂಜೆ ಅವರದಾಯಿತು.

ಆಗ ಒಂದು ಸ್ವಾರಸ್ಯವು ನಡೆಯಿತು. ಕೋಣೆಗೆ ತಿಂಗಳಿಗೆ ನೂರು ರೂಪಾಯಿ ಬಾಡಿಗೆಯನ್ನು ಕೊಡುವೆವೆಂದು ಆತನು ಹಟ ಹಿಡಿದನು. ದಾಸೋಹದ ಮಠದಲ್ಲಿ ಬಾಡಿಗೆಯ ಮಾತೇ ಎಂದು ನಾವು ನಕ್ಕೆವು. ಆದರೆ ಹೊರಗಿನವರ ದಾನವನ್ನು ಸ್ವೀಕರಿಸದೆ, ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕೆಂಬುದು ಆ ಬಳಗದ ಕಟ್ಟಳೆ. ವರ್ಷಗಟ್ಟಲೆ ಹೆಂಡತಿಯ ತಾಳಿ, ತಾಯಿಯ ಪಾತ್ರೆ-ಪಗಡವನ್ನು ಮಾರಿ ಕುಡಿದವರಿಗೆ, ತಮ್ಮ ಪಾಲನ್ನು ತಾವು ಕೊಟ್ಟೆವೆಂಬುದೇ ಮರಳಿ ಮನುಷ್ಯರಾಗುವ ಮೊದಲ ಹೆಜ್ಜೆ. ಕಾಯಕವನ್ನು ಕುರಿತು ನಾನು ಮಾಡಿದ ಉಪನ್ಯಾಸಗಳಿಗಿಂತ ಆ ನೂರು ರೂಪಾಯಿಯ ರಸೀದಿಯು ಹೆಚ್ಚಿನದನ್ನು ನನಗೆ ಕಲಿಸಿತು.

ಆತನ ದಿನಚರಿ ಸರಳವಾಗಿತ್ತು. ಹಗಲೆಲ್ಲ ಅಂಗಡಿ. ಕಿಸೆಯಲ್ಲಿ ಒಂದು ಸಣ್ಣ ಟಿಪ್ಪಣಿ ಪುಸ್ತಕ. ಅದರಲ್ಲಿ ಹೆಸರುಗಳಿರಲಿಲ್ಲ, ದೂರವಾಣಿ ಸಂಖ್ಯೆಗಳು ಮಾತ್ರ. ರಾತ್ರಿ ಎಷ್ಟು ಹೊತ್ತಿಗೆ ಕರೆ ಬಂದರೂ ಎತ್ತುತ್ತಿದ್ದನು. ಕುಡಿಯಬೇಕೆಂಬ ಆಸೆಯು ಸಾಮಾನ್ಯವಾಗಿ ಬಹಳ ಹೊತ್ತು ನಿಲ್ಲುವುದಿಲ್ಲ, ಆ ಹೊತ್ತನ್ನು ಮಾತಿನಲ್ಲಿ ದಾಟಿಸಿದರೆ ಸಾಕು ಎನ್ನುತ್ತಿದ್ದನು. ಕರೆದ ಮನೆಗೆ ಒಬ್ಬನೇ ಹೋಗುತ್ತಿರಲಿಲ್ಲ. ಬಳಗದ ಇನ್ನೊಬ್ಬನನ್ನು ಕರೆದೊಯ್ಯುತ್ತಿದ್ದನು, ತಾನೂ ಜಾರಬಹುದೆಂಬ ಎಚ್ಚರದಿಂದ. ರೋಗಿಯನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೋ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ದು, ಚೀಟಿ ಮಾಡಿಸಿ, ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದನು. ಉಪದೇಶವನ್ನು ಮಾತ್ರ ಮಾಡುತ್ತಿರಲಿಲ್ಲ.

ಎಲ್ಲರೂ ಗುಣ ಹೊಂದಿದರೆಂದು ಬರೆದರೆ ಅದು ಸುಳ್ಳಾಗುತ್ತದೆ. ಬಂದವರಲ್ಲಿ ಬಹುಮಂದಿ ಮತ್ತೆ ಕುಡಿದರು. ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ಒಬ್ಬ ತರುಣನು ಮೂರು ಬಾರಿ ಬಿಟ್ಟು, ನಾಲ್ಕನೆಯ ಬಾರಿ ಕುಡಿದ ರಾತ್ರಿಯೇ ತೀರಿಕೊಂಡನು. ಅಂದು ಇವನು ಅಂಗಡಿಯನ್ನು ತೆರೆಯಲಿಲ್ಲ. ಸಂಜೆ ನಾನು ಹೋಗಿ, ಇಷ್ಟು ನೊಂದುಕೊಂಡು ಈ ಕೆಲಸವನ್ನು ಏಕೆ ಮಾಡುತ್ತೀ ಎಂದು ಕೇಳಿದೆನು. "ಅಂವಗ ನಾ ಮೂರ ಸಲ ಬೇಕಾಗಿದ್ದೆ ಗುರುಗಳ, ನನಗ ಅಂವ ದಿನಾ ಬೇಕಾಗಿದ್ದ," ಎಂದನು. ವ್ಯಸನವೆಂದರೆ ದುಃಖವೆಂಬ ಅರ್ಥವು ಅಂದು ನನಗೆ ನಿಘಂಟಿನ ಹೊರಗೆ ಕಾಣಿಸಿತು.

ಕಡೆಯ ದಿನಗಳು

ಮನಸ್ಸು ತಿರುಗಿದರೂ ದೇಹವು ಹಳೆಯ ಲೆಕ್ಕವನ್ನು ಮರೆತಿರಲಿಲ್ಲ. ಹನ್ನೊಂದು ವರ್ಷದ ಕುಡಿತದಿಂದ ಅವನ ಯಕೃತ್ತು ಗಂಟುಗಟ್ಟಿ ಗಡುಸಾಗಿತ್ತು. ಇದನ್ನು ಸಿರೋಸಿಸ್ ಎನ್ನುತ್ತಾರೆ. ಕುಡಿತವನ್ನು ಬಿಟ್ಟರೆ ಇದರ ವೇಗವು ತಗ್ಗುತ್ತದೆ, ಆಯುಸ್ಸು ಹೆಚ್ಚುತ್ತದೆ. ಆದರೆ ಬಹಳ ಮುಂದುವರಿದಿದ್ದರೆ ಯಕೃತ್ತು ಮೊದಲಿನಂತಾಗುವುದಿಲ್ಲ. ಗಡುಸಾದ ಯಕೃತ್ತಿನೊಳಗೆ ರಕ್ತವು ಸರಾಗವಾಗಿ ಹರಿಯದೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. 2023ರಲ್ಲಿ ಒಂದು ಬೆಳಗ್ಗೆ ಅವು ಒಡೆದವು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದನು.

ಎರಡನೆಯ ದಿನ ನಾನು ಹೋದಾಗ ಅವನ ತಾಯಿಯು ಮಂಚದ ಬದಿಯಲ್ಲಿ ಕುಳಿತಿದ್ದಳು. ಆತನು ಕೈಗಳನ್ನು ಜೋಡಿಸಲು ಯತ್ನಿಸಿದನು. ಸೂಜಿ ಚುಚ್ಚಿದ್ದ ಕೈ ಮೇಲೇಳಲಿಲ್ಲ. ಈ ಬಾರಿ ನಾನೇ ಮೊದಲು ಕೈಮುಗಿದೆನು. ಕುಡಿಯದೆ ತೀರಿಕೊಂಡನು. ಅವನ ತಾಯಿಯು ಅಳುತ್ತಲೇ ಬಂದವರಿಗೆಲ್ಲ ಹೇಳಿದ ಮಾತು ಇದೊಂದೇ: "ನನ್ನ ಮಗ ಐದ ವರ್ಷ ನನ್ನ ಕೂಡ ಇದ್ದ."

ನಮ್ಮ ಕರ್ತವ್ಯ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿಕೊಟ್ಟರು. ಅದರಂತೆ 10ರಿಂದ 75 ವರ್ಷದೊಳಗಿನವರಲ್ಲಿ ಪ್ರತಿಶತ 14.6, ಎಂದರೆ ಸುಮಾರು 16 ಕೋಟಿ ಜನ, ಮದ್ಯವನ್ನು ಸೇವಿಸುವವರು. ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆಯು ದೊರೆತಿತ್ತು. ಉಳಿದ 37 ಮಂದಿ ಯಾವುದೋ ಜಾತ್ರೆಯ ಗೋಡೆಗೆ ಒರಗಿ ನಿಂತಿದ್ದಾರೆ. ಅವರಲ್ಲಿ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೂ ಇರಬಹುದು.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ವ್ಯಸನದ ಪಾಠವನ್ನು ಹೆದರಿಕೆಯಿಂದ ಮುಗಿಸದಿರಿ, ಬಿದ್ದವನಿಗೂ ಬಾಗಿಲಿದೆಯೆಂಬ ಮಾತನ್ನು ಸೇರಿಸಿರಿ. ಮನೆಯಲ್ಲಿ ಕುಡಿತವಿರುವ ಮಗುವು ತರಗತಿಯಲ್ಲಿ ಮಂಕಾಗಿ ಕುಳಿತರೆ ಕಾರಣವನ್ನು ವಿಚಾರಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ: ನಿಮ್ಮ ಸಹಪಾಠಿಯು ಬೀದಿಯಲ್ಲಿ ತೂಗಾಡುವುದು ಕಂಡರೆ, ಮರುದಿನ ಬೆಳಗ್ಗೆ, ಅವನು ಸ್ಥಿಮಿತದಲ್ಲಿರುವಾಗ, ಮನೆಗೆ ಹೋಗಿ ಹೆಸರು ಹಿಡಿದು ಕರೆಯಿರಿ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416, ಎರಡಕ್ಕೂ ಶುಲ್ಕವಿಲ್ಲ. ದಾನಿ ಮಹನೀಯರಲ್ಲಿ: ಬಳಗವು ನಿಮ್ಮ ಹಣವನ್ನು ಸ್ವೀಕರಿಸದು. ಆದರೆ ಆಸ್ಪತ್ರೆಗೆ ಹೋಗಿಬರುವ ಖರ್ಚಿಲ್ಲದೆ ಹಿಂದುಳಿಯುವ ಬಡ ಕುಟುಂಬಗಳುಂಟು. ತಂದೆಯ ಚಿಕಿತ್ಸೆಯ ತಿಂಗಳುಗಳಲ್ಲಿ ಶಾಲೆಯನ್ನು ಬಿಡುವ ಮಕ್ಕಳುಂಟು. ಅವರಿಗಾಗಿ ಒಂದು ಸಣ್ಣ ನಿಧಿಯನ್ನು ಏರ್ಪಡಿಸಿದರೆ ಅದು ನಿಜವಾದ ದಾಸೋಹವಾಗುತ್ತದೆ. ಆ ನಿಧಿಗೂ ಯಾರ ಹೆಸರನ್ನೂ ಇಡುವುದು ಬೇಡ.

ಅವನ ದೂರವಾಣಿಯನ್ನು ತಾಯಿಯು ಬಳಗದವರ ಕೈಗೆ ಒಪ್ಪಿಸಿದ್ದಾಳೆ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಾರ ಅದನ್ನು ಇಟ್ಟುಕೊಳ್ಳುತ್ತಾರೆ. ರಾತ್ರಿಯ ಕರೆಗಳು ಇನ್ನೂ ಬರುತ್ತಿವೆ. ನೂರು ರೂಪಾಯಿಯ ಬಾಡಿಗೆಯೂ ತಿಂಗಳು ತಪ್ಪದೆ ಸಂದಾಯವಾಗುತ್ತಿದೆ. ಒಂಬತ್ತನೆಯ 'ಬ' ವರ್ಗದ ಕೋಣೆಯ ಬಾಗಿಲು ರವಿವಾರ ಸಂಜೆ ಆರು ಗಂಟೆಗೆ ತೆರೆದಿರುತ್ತದೆ.